ಹಿಲ್ಕಾಳ ಚಿತ್ರದಂಗಡಿ

"ಮೂಲೆಯಲ್ಲಿರೋ ಆ ಸಹಿ ಅಳಿಸಿಬಿಡಿ," ಎಂದಳು ಹಿಲ್ಕಾ.

ಇಲ್ಮರಿ ಕಂಪ್ಯೂಟರ್ ಪರದೆಯ ಮೇಲೆ ಚಿತ್ರವನ್ನು ಹಿಗ್ಗಿಸಿದ. ಹೆಪ್ಪುಗಟ್ಟಿದ ಸಮುದ್ರ, ಅದರ ನಡುವೆ ಯಾರೋ ಬಿಟ್ಟುಹೋದ, ಹಿಮದ ಮೇಲೆ ಎಳೆಯುವ ಕೆಂಪು ಜಾರುಬಂಡಿ. ಬಲಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ 'ವೆನ್ಲಾ' ಎಂದಿತ್ತು.

"ವೆನ್ಲಾ ಅಂದ್ರೆ?"

"ನನ್ನ ಮಗಳ ಹೆಸರು."

"ಓಹೋ, ಮಗಳ ಹೆಸರಲ್ಲಿ ಸಹಿ ಹಾಕ್ತಿದ್ರಾ! ಚೆನ್ನಾಗಿದೆಯಲ್ಲ, ಇರಲಿ ಬಿಡಿ."

"ಬೇಡ. ನನ್ನ ಹೆಸರು ಹಾಕಿ. ದಪ್ಪಗೆ."

ಇಲ್ಮರಿ ಅಳಿಸಿದ. ಫಿನ್ಲೆಂಡಿನ ರಾಹೆ ಪಟ್ಟಣದ ಬೇಕರಿಗಳಿಗೆ, ದೋಣಿ ರಿಪೇರಿಯವರಿಗೆ ವೆಬ್‌ಸೈಟ್ ಕಟ್ಟಿಕೊಟ್ಟು ಬದುಕುವವನು ಅವನು. ಕಲಾವಿದರೂ ಆಗೀಗ ಬರುವುದುಂಟು. ಅವರಿಗೆ ತಮ್ಮ ಚಿತ್ರಕ್ಕೆ ಬೆಲೆ ಹೇಳಲು ನಾಲಿಗೆಯೇ ಏಳುವುದಿಲ್ಲ. ಶಾಲೆಯ ಅಡುಗೆಮನೆಯಿಂದ ನಿವೃತ್ತಳಾದ ಈ ಹೆಂಗಸು ಮಾತ್ರ ಒಂದೊಂದು ಚಿತ್ರಕ್ಕೂ ಒಂದೊಂದು ಕಾರಿನ ಬೆಲೆ ಹೇಳಿದಳು. ಮುಖದಲ್ಲಿ ಆಸೆಯೂ ಇಲ್ಲ, ಸಂಕೋಚವೂ ಇಲ್ಲ.

"ಈ ರೇಟಿಗೆ ಯಾರೂ ತಗೊಳ್ಳಲ್ಲ ಹಿಲ್ಕಾ ಅವರೇ."

"ತಗೊಳ್ಳದಿದ್ರೆ ಬೇಡ. ನೋಡಿದ್ರೆ ಸಾಕು."

ಫಿನ್ನಿಷ್ ಭಾಷೆಯಲ್ಲಷ್ಟೇ ಸಾಲದು, ಸ್ವೀಡಿಷ್, ಜರ್ಮನ್, ಇಂಗ್ಲಿಷ್ ಎಲ್ಲದರಲ್ಲೂ ಬೇಕು ಎಂದಳು. ಮೊದಲ ಪುಟದಲ್ಲಿ ತನ್ನ ಫೋಟೋ ಇರಬೇಕು ಎಂದಳು. ಅದಕ್ಕಾಗಿ ಇಲ್ಮರಿ ಮನೆಗೇ ಬಂದ. ಕೋಣೆಯೊಂದರ ಕಿಟಕಿಯ ಪಕ್ಕದಲ್ಲಿ ಚಿತ್ರ ಬರೆಯುವ ಹಲಗೆ, ಒಣಗಿ ಕಲ್ಲಾದ ಬಣ್ಣದ ಟ್ಯೂಬುಗಳು. ಹಿಲ್ಕಾ ಕುಂಚವನ್ನು ಸಾರಿನ ಸೌಟಿನಂತೆ ಹಿಡಿದು ನಿಂತಳು.

"ಸ್ವಲ್ಪ ನಗಿ," ಎಂದ ಇಲ್ಮರಿ.

ತುಟಿ ಅಗಲವಾಯಿತು. ಅವನು ಬೇಗ ಬೇಗ ಫೋಟೋ ತೆಗೆದು ಹೊರಟುಹೋದ.

ವೆಬ್‌ಸೈಟಿನಲ್ಲಿ ಅಂಗಡಿ ತೆರೆಯಿತು. ಸ್ಥಳೀಯ ಪತ್ರಿಕೆಯವರು ಬಂದು ಕಾಫಿ ಕುಡಿದು, 'ಅಡುಗೆಮನೆಯಲ್ಲಿ ಅಡಗಿದ್ದ ಪ್ರತಿಭೆ' ಎಂದು ಬರೆದರು. ಚಿಕ್ಕಂದಿನಿಂದಲೂ ಚಿತ್ರ ಬರೆಯುತ್ತಿದ್ದೆ ಎಂದು ಹಿಲ್ಕಾ ಅವರಿಗೆ ಹೇಳಿದ್ದಳು.

ಆ ಪತ್ರಿಕೆಯನ್ನು ಮುಷ್ಟಿಯಲ್ಲಿ ಹಿಡಿದು, ಹಿಮ ಮೆತ್ತಿದ ಬೂಟುಗಳನ್ನೂ ಬಿಚ್ಚದೆ ತಂಗಿ ತೆರ್ತು ಒಳಗೆ ಬಂದಳು.

"ಅಕ್ಕಾ, ಇದೇನೇ ಇದು?"

"ಬೂಟು ಬಿಚ್ಚು."

"ವೆನ್ಲಾಳ ಚಿತ್ರಗಳನ್ನ ನಿನ್ನ ಹೆಸರಲ್ಲಿ ಮಾರ್ತಿದ್ದೀಯಾ? ಒಂದು ಗೆರೆ ಮುಟ್ಟಿದ್ರೂ ಉರಿದುಬೀಳ್ತಿದ್ದಳು ಆ ಹುಡುಗಿ. ಅವಳಿಗೇನಾದ್ರೂ ಗೊತ್ತಾಗಿದ್ರೆ?"

"ಗೊತ್ತಾಗಲಿ."

ತೆರ್ತುವಿನ ಕಣ್ಣು ತುಂಬಿತು. "ಸತ್ತವಳ ಬೆವರು ಕಣೇ ಅದು. ನಿನಗೇನು ಎದೆಯಿದೆಯೋ, ಮಂಜುಗಡ್ಡೆಯಿದೆಯೋ?"

ಹಿಲ್ಕಾ ಎರಡು ಲೋಟಗಳಿಗೆ ಕಾಫಿ ಬಗ್ಗಿಸಿದಳು. ಏಲಕ್ಕಿ ಬನ್ನಿನ ತಟ್ಟೆಯನ್ನು ತಂಗಿಯ ಕಡೆಗೆ ಸರಿಸಿದಳು. ತೆರ್ತು ಮುಟ್ಟಲಿಲ್ಲ.

ಹಿಂದಿನ ವರ್ಷದ ಮಾರ್ಚಿನಲ್ಲಿ, ಸಮುದ್ರದ ಮೇಲಿನ ಮಂಜು ಬಿರುಕು ಬಿಡತೊಡಗಿದ್ದಾಗ, ವೆನ್ಲಾಳ ಕಾರು ಬಂದರಿನ ಅಂಚಿನಲ್ಲಿ ಸಿಕ್ಕಿತ್ತು. ಬಾಗಿಲಿಗೆ ಬೀಗ ಇರಲಿಲ್ಲ. ಮುಳುಗುಗಾರರು ಕೆಳಗಿಳಿದು ಬರಿಗೈಯಲ್ಲಿ ಮೇಲೆ ಬಂದರು. ಊರಿಗೆ ಅರ್ಥವಾಯಿತು. ಹಿಂದಿನ ಸಂಜೆ ತಾಯಿ ಮಗಳಿಗೆ ದೊಡ್ಡ ಜಗಳವಾಗಿದ್ದುದನ್ನು ಪಕ್ಕದ ಮನೆಯವರೂ ಕೇಳಿದ್ದರು. ಚರ್ಚಿನಲ್ಲಿ ಪ್ರಾರ್ಥನೆ ಮಾಡಿಸಿದವಳು ತೆರ್ತು. ಎಲ್ಲರೂ ಅತ್ತರು. ಹಿಲ್ಕಾ ಮಾತ್ರ ಕಾಫಿಗೆ ಹಾಲು ಸಾಲುವುದಿಲ್ಲ ಎಂದಳು. ಅಂದಿನಿಂದ ಅವಳಿಗೆ ಊಟಕ್ಕೆ ರುಚಿಯಿಲ್ಲ, ಚಳಿಗೆ ಚಳಿಯಿಲ್ಲ. ಬೆಳಗಾಗುತ್ತಿತ್ತು, ಏಳುತ್ತಿದ್ದಳು, ಅಷ್ಟೇ.

"ಇನ್ನು ನಾನು ಈ ಮನೆ ಮೆಟ್ಟಿಲು ಹತ್ತಲ್ಲ," ಎಂದು ತೆರ್ತು ಎದ್ದಳು.

"ಹುಷಾರಾಗಿ ಹೋಗು, ಅಂಗಳ ಜಾರುತ್ತೆ."

ಆ ವಾರವೇ ಔಲು ನಗರದ ಕಲಾ ಮಳಿಗೆಯವನೊಬ್ಬ ಕೆಂಪು ಜಾರುಬಂಡಿಯ ಚಿತ್ರಕ್ಕೆ ಕೇಳಿದಷ್ಟೂ ಕೊಡಲು ಮುಂದೆ ಬಂದ. ಇಲ್ಮರಿ ಉಬ್ಬಿಹೋಗಿ ಫೋನ್ ಮಾಡಿದ.

"ಬೆಲೆ ಎರಡರಷ್ಟು ಮಾಡಿ," ಎಂದಳು ಹಿಲ್ಕಾ.

"ಅಯ್ಯೋ, ಬಂದ ಗಿರಾಕಿ ಓಡಿಹೋಗ್ತಾನೆ!"

"ಹೋಗಲಿ. ಜರ್ಮನ್ ಪುಟ ತಯಾರಾಯ್ತಾ?"

ಇಲ್ಮರಿ ಫೋನಿಟ್ಟು, ಪಕ್ಕದಲ್ಲಿದ್ದ ಹೆಂಡತಿಗೆ, "ದುರಾಸೆಗೂ ಒಂದು ಮಿತಿ ಬೇಡ್ವಾ?" ಎಂದ. ಪೇಟೆಯಲ್ಲೂ ಅದೇ ಮಾತಾಯಿತು. ತೆರ್ತು ಸುಮ್ಮನಿರಲಿಲ್ಲ, ಆ ಚಿತ್ರಗಳು ಯಾರವೆಂದು ಕಂಡವರಿಗೆಲ್ಲ ಹೇಳಿದಳು. ದಿನಸಿ ಅಂಗಡಿಯಲ್ಲಿ ಜನ ಹಿಲ್ಕಾಳನ್ನು ಕಂಡು ಬೇರೆ ಸಾಲಿಗೆ ಸರಿದರು. ಅವಳು ಆಲೂಗೆಡ್ಡೆ, ಮೀನು ತೆಗೆದುಕೊಂಡು, ಖಾಲಿಯಾದ ಸಾಲಿನಲ್ಲಿ ಒಬ್ಬಳೇ ನಿಂತು, ಮನೆಗೆ ಬಂದಳು. ಜರ್ಮನ್ ಪುಟ ಬಂತು. ವಸಂತವೂ ಬಂತು.

ಒಂದು ಮಧ್ಯಾಹ್ನ ಅವಳು ಆಲೂಗೆಡ್ಡೆ ಸುಲಿಯುತ್ತಿದ್ದಾಗ ಫೋನ್ ಬಡಿದುಕೊಂಡಿತು. ಯಾವುದೋ ಹೊರದೇಶದ ನಂಬರು. ಎತ್ತಿದಳು. ಆ ಕಡೆ ಬರೀ ಉಸಿರು.

"ಯಾರು?"

"ನಿನಗೆ ನಾಚಿಕೆ ಆಗಲ್ವಾ?" ಧ್ವನಿ ಕೋಪಕ್ಕೆ ನಡುಗುತ್ತಿತ್ತು. "ಕಳ್ಳಿ! ಅವು ನನ್ನ ಚಿತ್ರಗಳು! ನನ್ನ ಕುಂಚ ಹಿಡ್ಕೊಂಡು ಫೋಟೋ ಬೇರೆ! ಇಷ್ಟು ಕೀಳಾಗಿ ಹೋಗ್ತೀಯ ಅಂತ ನಾನು ಅಂದ್ಕೊಂಡಿರಲಿಲ್ಲ ಅಮ್ಮಾ! ಇವತ್ತೇ ಎಲ್ಲಾ ತೆಗೆದುಹಾಕು. ಇಲ್ಲಾಂದ್ರೆ ನಾನೇ ಬಂದು ಒಂದೊಂದನ್ನೂ ಹೊತ್ಕೊಂಡು ಹೋಗ್ತೀನಿ!"

ಹಿಲ್ಕಾ ಅರ್ಧ ಸುಲಿದ ಆಲೂಗೆಡ್ಡೆಯನ್ನು ಹಿಡಿದೇ ಅಡುಗೆಮನೆಯ ನೆಲದ ಮೇಲೆ ಕುಳಿತಳು.

"ಬಾ ವೆನ್ಲಾ. ಬಂದು ಹೊತ್ಕೊಂಡು ಹೋಗು. ಅದಕ್ಕೇ ಕಣೇ ಅಂಗಡಿ ಇಟ್ಟಿದ್ದು."