ತೊಟ್ಟಿಯೊಳಗಿನ ಕೊಲೆಗಾರ

ಗಾಜಿನ ತೊಟ್ಟಿಯ ಗುರಾಮಿ ಮೀನನ್ನು ಬಲೆಯಲ್ಲಿ ಎತ್ತಿದ ಸುಂದರ, ಅದನ್ನು ನೆಲಕ್ಕೆ ಬಡಿದ. ಅದು ಹೊರಳಿತು. ಮತ್ತೊಮ್ಮೆ ಬಡಿದ. ಕಿವಿರಿನಿಂದ ಒಸರಿದ ರಕ್ತ ಅವನ ಕಾಲ್ಬೆರಳಿಗೆ ತಾಗಿತು.

“ಶನಿವಾರ ಬೆಳಿಗ್ಗೆ ಬೆಳಿಗ್ಗೆ ಎಂತದು ಮಾರಾಯ ಇದು?” ತಾಯಿ ಅನ್ನಪೂರ್ಣಮ್ಮ ನೆಲ ಒರೆಸಲು ಬಟ್ಟೆ ತಂದರು. ಸತ್ತ ಮೀನನ್ನೂ ಬಾಳೆಎಲೆಯ ತುಂಡಿನಲ್ಲಿ ಸುತ್ತಿದರು.

“ಹುಳುಗಳನ್ನು ಕೊಂದದ್ದು ಇದೇ ಅಮ್ಮ.”

ತೊಟ್ಟಿಯ ತಳದಲ್ಲಿ, ಕಂದಿದ ಗಿಡಗಳ ನಡುವೆ, ಹಳದಿ ಬಸವನಹುಳುಗಳು ಚಿಪ್ಪಿನಿಂದ ಜೋತುಬಿದ್ದು ಸತ್ತಿದ್ದವು.

ಡೆಂಗಿ ಜ್ವರದಿಂದ ಎದ್ದ ಮಗಳು ಪ್ರಣೀತಾ ಉಣ್ಣುತ್ತಿದ್ದುದು ಆ ಹುಳುಗಳ ಮುಂದೆ ಕೂತಾಗ ಮಾತ್ರ. ಅವು ಗಾಜಿನ ಪಾಚಿ ಕೆರೆದು ತಿಂದರೆ ಅವಳೂ ಒಂದು ತುತ್ತು. ಅವು ಸತ್ತರೆ ತಟ್ಟೆ ಹಾಗೆಯೇ. ಹೀಗೇ ಆದರೆ ಮತ್ತೆ ಆಸ್ಪತ್ರೆ ಎಂದಿದ್ದರು ಡಾಕ್ಟರು.

ಚಾಕಣ ಎಂಬ ಊರಿನ ರಸ್ತೆಯಲ್ಲಿ ಸುಂದರನ ಹೋಟೆಲು, ಮೇಲೆಯೇ ಮನೆ. ಶುಕ್ರವಾರ ಸಂಜೆ ಗಲ್ಲಾ ಬಿಟ್ಟು ಏಳಲಾಗದಷ್ಟು ಜನ. ಶನಿವಾರ ಬೆಳಿಗ್ಗೆ ತೊಟ್ಟಿ ನೋಡಿದರೆ ಹುಳುಗಳ ಹೆಣ.

“ಗುರಾಮಿ ಹೋತಲ್ರಿ, ಇನ್ನ ಹೆದರಬ್ಯಾಡ್ರಿ,” ಎಂದು ಮೀನಿನಂಗಡಿಯ ಕಾಶಪ್ಪ ಹೊಸ ಹುಳು ಕೊಟ್ಟ. ಮುಂದಿನ ಶನಿವಾರ ಅವೂ ಸತ್ತವು. “ಹಂಗಾದ್ರ ನಿಮ್ಮ ತೊಟ್ಟ್ಯಾಗಿನ ಲೋಚ್ ಮೀನಽ ಇರಬೇಕ್ರಿ. ಅದು ಚಿಪ್ಪಿನ್ಯಾಗ ಮೂತಿ ಹಾಕಿ ಹೀರತದ.” ಸುಂದರ ಲೋಚನ್ನು ಚಪ್ಪಲಿಯಡಿ ಅರೆದ.

ಮತ್ತೆ ಹೊಸ ಹುಳು ತಂದ. ಮುಂದಿನ ಶನಿವಾರವೂ ಹೆಣ. ಸುಂದರ ಮೆಟ್ಟಿಲು ಧುಮುಕುತ್ತಾ ಇಳಿದ.

“ಬರುವಾಗ ಕಲ್ಲುಪ್ಪು ತಾ ಮಗಾ, ಮತ್ತೆ ಮುಗಿದಿದೆ,” ಎಂದರು ತಾಯಿ ಹಿಂದಿನಿಂದ.

ಅಂಗಡಿಗೆ ನುಗ್ಗಿದ. ಕಾಶಪ್ಪನ ಬಾಯಿಗೆ ಗುದ್ದಿದ. ಕಾಶಪ್ಪ ಗಾಜಿನ ತೊಟ್ಟಿಯೊಂದರ ಮೇಲೆ ಬಿದ್ದ. ಗಾಜು ಸಿಡಿಯಿತು, ಮೊಣಕೈ ಸೀಳಿತು, ಕೆಂಪಾದ ನೀರಿನಲ್ಲಿ ಮೀನುಗಳು ಒದ್ದಾಡಿದವು.

ಕಾಶಪ್ಪ ತಿರುಗಿ ಹೊಡೆಯಲಿಲ್ಲ. ಕೈಗೆ ಟವೆಲ್ ಸುತ್ತಿಕೊಂಡು, ಮೊದಲು ಮೀನುಗಳನ್ನು ಬಕೆಟ್ಟಿಗೆ ಹಾಕಿದ. ಆಮೇಲೆ ಚೀಲವೊಂದರಲ್ಲಿ ಎರಡು ಹಳದಿ ಹುಳು ಬಿಟ್ಟು ಚಾಚಿದ.

“ರೊಕ್ಕ ಬ್ಯಾಡ. ಈ ಸಲ ಇವುಗಳ ಜೋಡಿ ಯಾವ ಮೀನೂ ಬಿಡಬ್ಯಾಡ್ರಿ. ಸೋಪು, ತಾಮ್ರ, ಉಪ್ಪು ಯಾವುದೂ ತಾಗಬಾರ್ದು. ಕೂಸು ಉಣ್ಣಲಿ.”

ಸುಂದರ ತಲೆ ತಗ್ಗಿಸಿ ಚೀಲ ಹಿಡಿದ. ದಾರಿಯಲ್ಲಿ ತಾಯಿ ಹೇಳಿದ ಸಾಮಾನನ್ನೂ ಮರೆಯದೆ ಕೊಂಡ.

ಆ ವಾರವೆಲ್ಲ ಪ್ರಣೀತಾ ಉಂಡಳು.

ಶುಕ್ರವಾರ ಸಂಜೆ ಗಲ್ಲಾವನ್ನು ಹೆಂಡತಿ ನೀಲಿಮಾಗೆ ಬಿಟ್ಟು, ಕಾಯಿ ಒಡೆಯುವ ಕತ್ತಿ ಹಿಡಿದು ಅವನು ಮೇಲೆ ತೊಟ್ಟಿಯೆದುರಿನ ಪರದೆಯ ಹಿಂದೆ ಕೂತ. ತೊಟ್ಟಿಯಲ್ಲಿ ಮೀನಿಲ್ಲ. ಇನ್ನು ಕೊಲ್ಲುವುದಾದರೆ ಮನುಷ್ಯನ ಕೈ. ಅದು ಯಾರದ್ದಾದರೂ ಸರಿ, ಮಣಿಕಟ್ಟಿಗೇ ಕಡಿಯುವುದು.

ದೀಪ ಹಚ್ಚುವ ಹೊತ್ತಿಗೆ ಅನ್ನಪೂರ್ಣಮ್ಮ ಬಂದರು. ಮುಷ್ಟಿ ಬಿಗಿದು, ಮೊಮ್ಮಗಳ ನೆತ್ತಿಯಿಂದ ಪಾದದವರೆಗೆ ನಿವಾಳಿಸಿದರು. “ಬಂದವರ ಕಣ್ಣು, ಹೋದವರ ಕಣ್ಣು, ಎಲ್ಲ ಕರಗಿ ಹೋಗಲಿ.”

“ಅದನ್ನು ರಸ್ತೆಗೆ ಬಿಸಾಡ್ಬೇಕಲ್ವಾ ಅಜ್ಜಿ?”

“ಛೆ, ತುಳಿದವರಿಗೆ ತಾಗ್ತದೆ ಮಗಾ, ಪಾಪ. ಯಾರೂ ತುಳಿಯದ ನೀರು ಈ ಮನೆಯಲ್ಲಿ ಇದೊಂದೇ,” ಎಂದು ಅವರು ತೊಟ್ಟಿಯ ಮುಚ್ಚಳ ಸರಿಸಿ, ಮುಷ್ಟಿಯ ಕಲ್ಲುಪ್ಪನ್ನು ಪ್ರತಿ ಶುಕ್ರವಾರದಂತೆ ಅದರೊಳಗೆ ಬಿಟ್ಟರು.