ಅವ್ವನ ಗೇಣು

ಸುರೇಖಾ ಟಂಟಂ ಆಟೋದಿಂದ ಕುರ್ಚಿ ಇಳಿಸಿದ ಕೂಡಲೇ ಗಂಗಾವತಿಯ ಮುದುಕ ಬಡಗಿ ಅಮೀನಸಾಬ ಅದರ ಕೈ ಸವರಿ, "ಇದು ನಮ್ಮಪ್ಪನ ಕೆಲಸರೀ," ಎಂದ.

ತುಂಗಭದ್ರಾ ಅಣೆಕಟ್ಟು ಕಟ್ಟುವಾಗ ಎಂಜಿನಿಯರುಗಳಿಗೆಂದು ಮಾಡಿಸಿದ ನಲವತ್ತು ಕುರ್ಚಿಗಳಲ್ಲಿ ಉಳಿದದ್ದು ಇದೊಂದೇ. ಸಾಗವಾನಿ ಕಟ್ಟಿಗೆ, ಬೆತ್ತದ ಹೆಣಿಗೆ, ಹಿಂದಕ್ಕೆ ವಾಲಿದ ಬೆನ್ನು, ಮುಂದಕ್ಕೆ ಚಾಚಿದ ಉದ್ದನೆಯ ಕೈಗಳು. ಕೊಪ್ಪಳದಲ್ಲಿ ನಡೆಯುವ ಹಳೆಯ ಕುರ್ಚಿ ಮೇಜುಗಳ ಪ್ರದರ್ಶನಕ್ಕೆ ಸುರೇಖಾ ಇದರ ಚರಿತ್ರೆ ಬರೆಯಬೇಕಿತ್ತು. ಪರದೇಶದ ಮಾದರಿ ನೋಡಿ ಮಾಡಿದ್ದು ಎಂದು ಬರೆದೂ ಆಗಿತ್ತು. ನಾಳೆ ಅಚ್ಚಿಗೆ ಹೋಗಬೇಕು. ಆದರೆ ಇದರ ಯಾವ ಅಳತೆಯೂ ಇಂಚಿನ ಲೆಕ್ಕಕ್ಕೆ ಕೂಡುತ್ತಿರಲಿಲ್ಲ. ಅದಕ್ಕೇ ಹಳೆಯ ಬಡಗಿಯೊಬ್ಬನನ್ನು ಕೇಳೋಣವೆಂದು ಇಲ್ಲಿಗೆ ತಂದಿದ್ದಳು.

ಅಮೀನಸಾಬ ನಕ್ಕ. "ಯಾ ಪರದೇಶರೀ? ನಾ ಹೊಟ್ಟ್ಯಾಗ ಇದ್ದಾಗ ಅವ್ವಗ ನೆಲದ ಮ್ಯಾಲಿಂದ ಏಳಾಕ ಆಗ್ತಿದ್ದಿಲ್ಲ. ಅಪ್ಪ ಆಕಿ ಗೇಣಿಲೆ ಅಳದು ಇಂಥಾದೊಂದು ಮಾಡಿದ. ಬಸುರಿ ಒರಗಾಕ ಬೆನ್ನು, ಊರಿ ಏಳಾಕ ಉದ್ದ ಕೈ."

ಮನೆಗೆ ಬಂದ ಅಣೆಕಟ್ಟಿನ ಸಾಹೇಬರೊಬ್ಬರು ಅದನ್ನು ಕಂಡು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇಂಥವೇ ನಲವತ್ತು ಬೇಕು ಎಂದರಂತೆ. ಅಪ್ಪ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಮನುಷ್ಯ. ಪಾಪ, ಸಾಹೇಬರೆಲ್ಲ ಬಸುರಿಯರ ಹಾಗೆ ಒರಗಿಕೊಂಡೇ ಅಣೆಕಟ್ಟು ಕಟ್ಟಿಸಿದರು.

ಸುರೇಖಾಳಿಗೂ ನಗು ಬಂತು. ಆದರೂ ಸಾಕ್ಷಿಯಿಲ್ಲದೆ ಹೇಗೆ ಬರೆಯಲಿ ಎಂದಳು. ಕಾಗದವಿಲ್ಲ, ನಕಾಶೆಯಿಲ್ಲ. ಅಮೀನಸಾಬನ ಮುಖ ಸಪ್ಪಗಾಯಿತು. "ಫಕ್ರುದ್ದೀನ ಅಂತ ನಮ್ಮಪ್ಪನ ಹೆಸರೊಂದು ಬರೀರಿ, ಸಾಕು. ಅವ ಇದ್ದ ಅಂತ ಎಲ್ಲೂ ಬರದಿಟ್ಟಿಲ್ಲರೀ."

ಮತ್ತೇನು ತೋಚಿತೋ, ಒಳಗೆ ಹೋಗಿ ತಾಯಿ ಮುಮ್ತಾಜಬೇಗಂಳನ್ನು ಕೈಹಿಡಿದು ಕರೆತಂದ. ತೊಂಬತ್ತು ದಾಟಿದ ಆಕೆಗೆ ಎರಡು ವರ್ಷದಿಂದ ಮಗನ ಗುರುತೂ ಹತ್ತುತ್ತಿರಲಿಲ್ಲ. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ತಾನು ಪಕ್ಕದಲ್ಲಿ ಕಾಲು ಚಾಚಿ ನೆಲಕ್ಕೆ ಕುಳಿತ. ಗಿರಣಿಗಳ ಕಡೆಯಿಂದ ಕುದಿಸಿದ ಭತ್ತದ ವಾಸನೆ ತೇಲಿ ಬರುತ್ತಿತ್ತು. ಮುದುಕಿ ಯಾರೂ ಹೇಳದೆಯೇ ಹಿಂದಕ್ಕೆ ಸರಿದು ಒರಗಿದಳು. ಕುರ್ಚಿಯ ಕೈಮೇಲೆ ಹೆಬ್ಬೆರಳೂರಿ ನಿಧಾನವಾಗಿ ಗೇಣು ಹಾಕುತ್ತ ಹೋದಳು. ಒಂದು, ಎರಡು, ಮೂರು. ಮೂರನೆಯದು ಸರಿಯಾಗಿ ತುದಿಗೆ ಬಂದು ನಿಂತಿತು.

ಸುರೇಖಾ ಹಾಳೆ ತೆಗೆದು, ಮೊದಲು ಬರೆದದ್ದನ್ನು ಹೊಡೆದುಹಾಕಿ ಫಕ್ರುದ್ದೀನ ಎಂದು ಬರೆದಳು. ಸ್ವಲ್ಪ ತಡೆದು, ಅದರ ಪಕ್ಕದಲ್ಲಿ ಮುಮ್ತಾಜಬೇಗಂ ಎಂದೂ ಬರೆದಳು.

ಮುದುಕಿ ಕಣ್ಣು ಮುಚ್ಚಿದ್ದಳು. ಕೈ ಹೊಟ್ಟೆಯ ಮೇಲೆ ಬಂದಿತ್ತು. "ಒದಿಬ್ಯಾಡೋ, ಸುಮ್ಕ ಇರು," ಎಂದು ಮೆಲ್ಲಗೆ ಗದರಿದಳು.

ಎಪ್ಪತ್ತೆರಡರ ಅಮೀನಸಾಬ ಚಾಚಿದ್ದ ಕಾಲುಗಳನ್ನು ಸದ್ದಾಗದಂತೆ ಮಡಚಿಕೊಂಡ.