ಕ್ಯಾಸೆಟ್ಟಿನಲ್ಲಿ ಉಳಿದಿದ್ದ ಐದು ಹೆಸರು

ದಾವಣಗೆರೆಯ ತಿಪ್ಪೇಶ್ ಮೊಬೈಲ್ ರಿಪೇರಿಯಲ್ಲಿ ಪಳಗಿದ ಕೈ. ಆದರೆ ಅವತ್ತು ಅವನಿಗೇ ತಲೆಬುಡ ತಿಳಿಯದಂತಾಯಿತು...

ಅರವತ್ತು ದಾಟಿದ ಕೊಟ್ರಮ್ಮ ಹಳೆಯ ವಿಡಿಯೋ ಗೇಮ್ ಕ್ಯಾಸೆಟ್ ಒಂದನ್ನು ಅವನ ಮುಂದಿಟ್ಟರು.

"ಇದ್ರಾಗಿನ ಆಟ ನನ್ ಫೋನಿಗೆ ಹಾಕಿಕೊಡಪ್ಪಾ. ಮಗಳು ಚೇತನಾ ಮಾತು ಬಿಟ್ಟು ಎರಡು ವರ್ಷ ಆತು... ಇದನ್ನ ಕಳಿಸಿದ್ರಾದ್ರೂ ಮಾತಾಡ್ತಾಳೇನೋ."

ತಿಪ್ಪೇಶ್ ಕ್ಯಾಸೆಟ್ ಬಿಚ್ಚಿ, ಒಳಗಿನ ಚಿಪ್‌ನಲ್ಲಿದ್ದ ಆಟವನ್ನು ಕಾಪಿ ಮಾಡಿ, ಫೈಲ್ ಮಾಡಿ ಫೋನಿಗೆ ಹಾಕಿದ. ಆಟ ಸಲೀಸಾಗಿ ಶುರುವಾಯಿತು.

"ಇದಲ್ಲಪ್ಪಾ" ಎಂದರು ಕೊಟ್ರಮ್ಮ.

"ಇದೇ ರೀ ಅಮ್ಮಾ!"

"ಗೆದ್ದಾಗೆಲ್ಲ ಅವಳು ಹೆಸರು ಬರೀತಿದ್ಲು. ಈಗ ಆ ಜಾಗ ಖಾಲಿ ಐತಿ ನೋಡು."

ಮತ್ತೆ ಕಾಪಿ ಮಾಡಿದ... ಖಾಲಿ. ಮೂರನೇ ಸಲವೂ ಖಾಲಿ! ಆಟ ಸರಿಯಾಗಿದೆ, ಹೆಸರು ಎಲ್ಲಿ ಹೋಯಿತು?

ಕ್ಯಾಸೆಟ್ಟಿನೊಳಗಿದ್ದ ಪುಟ್ಟ ಬ್ಯಾಟರಿ ಹಳತಾಗಿರಬೇಕು, ಬದಲಿಸೋಣ ಎಂದು ಕೈ ಹಾಕಿದವನು ತಟ್ಟನೆ ನಿಂತ.

ಅಯ್ಯೋ ಮಂಕೇ... ಇದರಲ್ಲಿ ಚಿಪ್ ಎರಡು! ಒಂದರಲ್ಲಿ ಆಟ, ಇನ್ನೊಂದರಲ್ಲಿ ಗೆದ್ದವರ ಹೆಸರು. ಆ ಹೆಸರುಗಳನ್ನು ಇಷ್ಟು ವರ್ಷ ಉಳಿಸಿದ್ದೇ ಈ ಬ್ಯಾಟರಿ. ಕಿತ್ತಿದ್ದರೆ ಎಲ್ಲ ಅಳಿಸಿಹೋಗುತ್ತಿತ್ತು.

ಬ್ಯಾಟರಿ ಮುಟ್ಟದೆ ಎರಡನೆಯ ಚಿಪ್ಪನ್ನೂ ಕಾಪಿ ಮಾಡಿದ. ಐದು ಹೆಸರು ಬಂದವು. ಓದಿದವನಿಗೆ ಮತ್ತೆ ಗೊಂದಲ...

"ಚೇತನಾ ಅಂತ ಎಲ್ಲೂ ಇಲ್ವಲ್ರೀ..."

"ಮತ್ಯಾರ ಹೆಸರೈತಿ?"

"ಐದಕ್ಕೈದೂ... ಇಂಗ್ಲಿಷಿನಾಗ 'ಅಮ್ಮ' ಅಂತ ಐತ್ರಿ."

ಕೊಟ್ರಮ್ಮನಿಗೂ ಅರ್ಥವಾಗಲಿಲ್ಲ. "ನಾನು ಒಂದಿನಾನೂ ಆಡಿಲ್ಲಪ್ಪಾ! ಓದ್ಕೋ ಅಂತ ಬೈದು, ಅವಳ ಕೈಯಿಂದ ಕಸ್ಕೊಂಡು ಬಚ್ಚಿಟ್ಟೋಳು ನಾನು..."

ಹೇಳುತ್ತಾ ಹೇಳುತ್ತಾ ಅವರು ಆ ಹೆಸರುಗಳ ಮೇಲೆ ಬೆರಳಾಡಿಸಿದರು. ಅಷ್ಟು ಬೈಸಿಕೊಂಡ ಹುಡುಗಿ ತನ್ನ ಗೆಲುವನ್ನೆಲ್ಲ ತಾಯಿಯ ಹೆಸರಿಗೇ ಬರೆದಿದ್ದಳು!

"ಫೈಲ್ ಕಳಿಸ್ಲೇನ್ರಿ ಅಮ್ಮಾ?"

"ಬ್ಯಾಡ... ಮೊದ್ಲು ಅವಳಿಗೆ ಫೋನ್ ಹಚ್ಚಿಕೊಡು. ನಿನ್ ಹತ್ರ ಸುಳ್ಳು ಹೇಳ್ದೆ ಮಗಾ. ಮಾತು ಬಿಟ್ಟಿದ್ದು ಅವಳಲ್ಲ, ನಾನು. ಎರಡು ವರ್ಷದಿಂದ ಅವಳು ಹಬ್ಬಕ್ಕೆ, ಹುಣ್ಣಿಮೆಗೆ ಫೋನ್ ಮಾಡ್ತಾನೇ ಅದಾಳ... ನಾನೇ ಎತ್ತಿಲ್ಲ. ಈಗ ನಾನಾಗೇ ಮಾತಾಡ್ಸಾಕ ನಾಚ್ಕಿ ಆಗಿ ಈ ಆಟ ಹಿಡ್ಕೊಂಡು ಬಂದೆ."

ಆ ಕಡೆ ಫೋನ್ ಎತ್ತಿದ್ದೇ ತಡ, "ನಂದೇ ತಪ್ಪವ್ವಾ..." ಎಂದು ಕೊಟ್ರಮ್ಮ ಬಿಕ್ಕಿ ಬಿಕ್ಕಿ ಅತ್ತರು. ತಿಪ್ಪೇಶ್ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ನಾವು ದೂರ ಮಾಡಿದವರ ಮನಸ್ಸಿನಲ್ಲಿ ನಮ್ಮ ಜಾಗ ಇನ್ನೂ ಹಾಗೇ ಇರಬಹುದು.

ನೀವು ಎತ್ತದೇ ಬಿಟ್ಟ ಫೋನ್ ಯಾರದು... ಒಮ್ಮೆ ಯೋಚಿಸಿ ನೋಡುತ್ತೀರಾ?